ಕೆಂಪು ಗೀಟು

ಅಮಾದೊರ್‌ನ ದೋಣಿ ನಿಂತು ಹದಿನೆಂಟು ದಿನ.
ಮಕ್ಕಳು ಅವರವರ ದ್ವೀಪದಲ್ಲಿ,
ಶಾಲೆ ಚಿಲೋಯೆಯ ಈ ದಡದಲ್ಲಿ, ಬೀಗ ಹಾಕಿಕೊಂಡು.
ನಾನು ಅಡುಗೆಮೇಜಿನ ಮೇಲಿನ ಆಲೂಗಡ್ಡೆ ಬುಟ್ಟಿ ಸರಿಸಿ
ಲ್ಯಾಪ್‌ಟಾಪಿಗೆ ಜಾಗ ಮಾಡಿದೆ.

ಐವತ್ತೊಂಬತ್ತು ನನಗೆ. ಸೀಮೆಸುಣ್ಣಕ್ಕೆ ಪಳಗಿದ ಕೈ.
ಮೌಸನ್ನು ಮೇಜಿನ ಅಂಚಿನವರೆಗೂ ಓಡಿಸಿ
ಇನ್ನು ಮುಂದೆ ಜಾಗವೇ ಇಲ್ಲವಲ್ಲ ಎಂದರೆ
ಅಮಾದೊರ್‌ನ ಮಗಳು ದೆಯಾನಿರಾ ನಗಲಿಲ್ಲ.
ಎತ್ತಿ ಹಿಂದಕ್ಕಿಡಿ ಪ್ರೊಫೆ, ಹುಟ್ಟು ಹಾಕುವ ಹಾಗೆ, ಅಂದಳು.
ಅದು ಅರ್ಥವಾಯಿತು.

ಅವಳ ಮಾತನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡೆ:
ನೀಲಿ ಗುಂಡಿ ಒಳಕ್ಕೆ. ಕೆಂಪು ಗುಂಡಿ ಹೊರಕ್ಕೆ, ಮುಟ್ಟಬೇಡ.
ನೋಡಬೇಕಾದ್ದು ಕ್ಯಾಮೆರಾ, ಮಕ್ಕಳನ್ನಲ್ಲ.
ಕೊನೆಯದೊಂದು ನನ್ನಿಂದಾಗಲಿಲ್ಲ.

ಸೋಮವಾರ. ಹನ್ನೊಂದು ಚೌಕ, ನಾಲ್ಕರಲ್ಲಿ ಮುಖ,
ಉಳಿದವು ಹೆಸರು ಬರೆದಿಟ್ಟ ಕತ್ತಲೆ.
ಯೆಸೆನಿಯಾ ಕೋಳಿಗೂಡಿನಲ್ಲಿ; ಸಿಗ್ನಲ್ ಅಲ್ಲೇ ಇಳಿಯುತ್ತದಂತೆ.
ಬೆಲಾರ್ಮಿನೊನ ಬೆನ್ನಹಿಂದೆ ಅವನಜ್ಜಿ
ಚಿಪ್ಪು ಬಿಡಿಸುತ್ತಿದ್ದಳು.

ಪಾಠ: ಉಬ್ಬರ ಇಳಿತ.
ಪಾತ್ರೆ ತೊಳೆಯುವ ಬೋಗುಣಿ ಕಡಲು, ಕೈಯಲ್ಲಿನ ಸೇಬು ಚಂದ್ರ.
ಮೂವತ್ತನಾಲ್ಕು ನಿಮಿಷ ಹೇಳಿದೆ,
ಜನ್ಮದಲ್ಲಿ ಹಾಗೆ ಹೇಳಿದವಳಲ್ಲ.
ಇಳಿತ ನಂಬಿ ಗಾಡಿ ಇಳಿಸಿ, ಎತ್ತಿನ ಕೊಂಬಷ್ಟೇ ಉಳಿಸಿಕೊಂಡ
ನನ್ನ ಚಿಕ್ಕಪ್ಪನ ಕಥೆಯನ್ನೂ ಸೇರಿಸಿದೆ.
ಯಾರೂ ನಗಲಿಲ್ಲ.
ನಗು ತಂತಿಯಲ್ಲಿ ತಡವಾಗಿ ಹರಿಯುತ್ತದೇನೋ ಅಂದುಕೊಂಡೆ.

ಆಗ ದೆಯಾನಿರಾ ಒದ್ದೆ ಬೂಟಿನಲ್ಲೇ ಒಳಗೆ ಓಡಿಬಂದಳು:
ಪ್ರೊಫೆ, ಮೈಕ್!

ಪರದೆಯ ಮೂಲೆಯಲ್ಲಿ ಹುರುಳಿಕಾಳಷ್ಟು ಮೈಕು.
ಅದರ ಮೇಲೊಂದು ಕೆಂಪು ಗೀಟು.

ಮೂವತ್ತಾರು ವರ್ಷದಲ್ಲಿ ಎಷ್ಟು ಪುಟಗಳ ಮೇಲೆ
ಎಳೆದಿದ್ದೇನೆ ಅದನ್ನು, ಚಹಾ ಕುಡಿಯುತ್ತ, ಬೇರೇನೋ ಯೋಚಿಸುತ್ತ.
ಗಾಳಿ ಗುದ್ದಿ ಮೈ ನೋಯಿಸಿಕೊಂಡು
ಕುರ್ಚಿಯಲ್ಲಿ ಕುಸಿದೆ.
ಆದರೂ ಹನ್ನೊಂದು ಚೌಕಗಳಲ್ಲಿ ಒಂದೂ
ಎದ್ದು ಹೋಗಿರಲಿಲ್ಲ. ಯಾಕೆ?

ದೆಯಾನಿರಾ ಇನ್ನೇನನ್ನೋ ಒತ್ತಿದಳು.
ಪಕ್ಕದಲ್ಲಿ ಉದ್ದನೆಯ ಅಂಕಣ ತೆರೆಯಿತು,
ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲದ್ದು.

ಬೆಲಾರ್ಮಿನೊ: ಪ್ರೊಫೆ ಚಂದ್ರನ್ನ ಎತ್ತಿದ್ರು
ಬೆಲಾರ್ಮಿನೊ: ನೀರು ಎರಡೂ ಕಡೆ ಉಬ್ಬತ್ತಂತೆ
ಬೆಲಾರ್ಮಿನೊ: ಯಾಕೆ ಅಂತ ಆಮೇಲೆ ಹೇಳ್ತಾರಂತೆ
ಬೆಲಾರ್ಮಿನೊ: ಆ ಕಡೆ ತಿರುಗಿದ್ರು, ಬಾಯಿ ಕಾಣಲ್ಲ
ಬೆಲಾರ್ಮಿನೊ: ಇದು ತಮಾಷೆ. ನಗಿ
ಯೆಸೆನಿಯಾ: ನಕ್ಕೆ

ಹಿಂದಿನ ಬೆಂಚಿನ ಹುಡುಗ. ಐದು ವರ್ಷದಲ್ಲಿ
ಹಾಜರಿಗೆ ಬಿಟ್ಟರೆ ಬಾಯಿ ತೆರೆದವನಲ್ಲ.
ಸಾಕಿದ ಅಜ್ಜಿಗೆ ಹುಟ್ಟಿನಿಂದ ಕಿವಿಯಿಲ್ಲ.
ಊರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು.
ಆ ಮನೆಯಲ್ಲಿ ಬೆಳೆದ ಕಣ್ಣು ಏನೇನು ಕಲಿತೀತು
ಎಂದು ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ನಮ್ಮ ನುಡಿಯಲ್ಲೊಂದು ಅಕ್ಷರವಿದೆ:
ಮಗ ಎನ್ನುವಲ್ಲಿ, ಹಸಿವು ಎನ್ನುವಲ್ಲಿ, ಮೊಟ್ಟೆ ಎನ್ನುವಲ್ಲಿ
ಮೊದಲಿಗೇ ಬಂದು ನಿಲ್ಲುತ್ತದೆ,
ಉಸಿರೆತ್ತುವುದಿಲ್ಲ. ಬರೆಯಬೇಕು, ಓದಬಾರದು.
ಬೆಲಾರ್ಮಿನೊ ಅದನ್ನು ಯಾವತ್ತೂ ಬಿಡುತ್ತಾನೆ.
ನಾನು ಯಾವತ್ತೂ ಗೀಟೆಳೆಯುತ್ತೇನೆ.
ಇವತ್ತು ಆ ಅಕ್ಷರ ನಾನಾಗಿದ್ದೆ,
ಒಂದು ಸಾಲೂ ಬಿಡದೆ ಬರೆದಿದ್ದಾನೆ.

ಮಂಗಳವಾರ ಮೈಕು ಸರಿಯಿತ್ತು.
ಆದರೂ ದೀಪವನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡೆ.
ಬೋಗುಣಿಯತ್ತ ತಿರುಗುವಾಗ ಮಾತು ನಿಲ್ಲಿಸಿ
ಮತ್ತೆ ಇತ್ತ ತಿರುಗಿ ಮುಂದುವರಿಸಿದೆ.

ಬೆಲಾರ್ಮಿನೊ: ಇವತ್ತು ಕೇಳಿಸ್ತಿದೆ
ಬೆಲಾರ್ಮಿನೊ: ಆದ್ರೂ ಬರೀಲಾ? ಅಜ್ಜಿ ಓದ್ತಿದಾಳೆ

ಒಂದೊಂದೇ ಅಕ್ಷರ ಹುಡುಕಿ, ಒಂದೇ ಬೆರಳಲ್ಲಿ,
ಒಲೆಯ ಮೇಲೆ ನೀರು ಉಕ್ಕಿ ಚೆಲ್ಲಿದರೂ ಏಳದೆ,
ಒತ್ತಿದೆ: ಬರಿ.
ಆಮೇಲೆ, ಚಾಳಿ ಬಿಡಬೇಕಲ್ಲ:
ದನಿಯಿಲ್ಲದ ಆ ಅಕ್ಷರ ಬಿಡಬೇಡ, ಮಾರಾಯ.