ತಕ್ಕದ್ದು

ಮಾರ್ಚ್ ಇಪ್ಪತ್ತಾರು. ಪೀಣ್ಯ ಎರಡನೇ ಹಂತ.
ಕಂಪನಿ ಸೆಕ್ರೆಟರಿ ವರದರಾಜನ್ ಎ.ಸಿ. ಎರಡು ಡಿಗ್ರಿ ಇಳಿಸಿ
ನನ್ನ ಮುಂದೆ ಸರಿಸಿದ್ದು ನಾಲ್ಕು ಪುಟ ಇಂಗ್ಲಿಷು:
ಕನ್ನಡ ಮಾಡಿ, ಸಂಜೆಯೊಳಗೆ. ಪದಕ್ಕೆ ಮೂರು ರೂಪಾಯಿ.

ಕಾನೂನು ಸುಲಭ. ಅದಕ್ಕೆ ಇರುವುದು ಒಂದೇ ಬಾಲ.
ನೂರ ಮೂವತ್ತೈದನೇ ಪ್ರಕರಣದ ಮೇರೆಗೆ
ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ
ನೂರಕ್ಕೆ ಎರಡು, ಕಡಿಮೆಯಾಗದಂತೆ,
ಖರ್ಚು ಮಾಡತಕ್ಕದ್ದು.
ಸಮಿತಿ ರಚಿಸತಕ್ಕದ್ದು. ಮಾಡದಿದ್ದರೆ ಕಾರಣ ಹೇಳತಕ್ಕದ್ದು.
ಮಿಕ್ಕದ್ದನ್ನು ಗೊತ್ತುಪಡಿಸಿದ ನಿಧಿಗೆ ಹಾಕತಕ್ಕದ್ದು.

ಎಷ್ಟು ಹಳೆಯ ಮಾತು.
ನಮ್ಮಜ್ಜಿ ಸೀರೆ ಆರಿಸುವಾಗ, ಸಂಬಂಧ ನೋಡುವಾಗ,
ಸಾರಿಗೆ ಉಪ್ಪು ಹಾಕುವಾಗ ಆಡುತ್ತಿದ್ದದ್ದು:
ತಕ್ಕಷ್ಟು, ತಕ್ಕಂಥದ್ದು, ತಕ್ಕ ಹಾಗೆ.
ಕಚೇರಿಯ ಕನ್ನಡಕ್ಕೆ ಬಂದ ಮೇಲೆ ಅದು
ಬೆಲ್ಟು ಬಿಗಿದುಕೊಂಡು ಅಟೆನ್ಷನ್ನಿನಲ್ಲಿ ನಿಂತಿದೆ.

ಕೊನೇ ಪುಟ ಕಲ್ಲಿಗೆ.
ಸರ್ಕಾರಿ ಶಾಲೆಯ ಶುದ್ಧ ನೀರಿನ ಘಟಕದ ನೆತ್ತಿಗೆ
ಕೂರಿಸುವ ಕಪ್ಪು ಗ್ರಾನೈಟಿಗೆ.
ಜನರಸ್ ಅಂತಿತ್ತು ಅಲ್ಲಿ. ಪೆನ್ನು ನಿಂತಿತು.
ಸಾರ್, ಮಾಡತಕ್ಕದ್ದನ್ನು ಮಾಡಿದರೆ ಅದು ಔದಾರ್ಯವೇ?
ಬೆಸ್ಕಾಂಗೆ ನಾನು ತಿಂಗಳಾ ಬಿಲ್ಲು ಕಟ್ಟುತ್ತೇನೆ,
ಕೌಂಟರಿನ ಮೇಲೆ ಹೆಸರು ಕೆತ್ತಿಸಿಲ್ಲ.

ಕೆಟ್ಟ ಮನುಷ್ಯನಲ್ಲ. ನಕ್ಕರು.
ಈ ಕಾನೂನು ಬರುವ ಮೊದಲು ನಮ್ಮ ಕಂಪನಿ ಕೊಟ್ಟದ್ದು
ಗಣೇಶನ ಚಂದಾ ಒಂದೇ, ಮೇಡಂ.
ಪುಸ್ತಕದಲ್ಲಿ ಬರೆದಿದೆ ಅಂತಲೇ
ಮಾಲೀಕರ ಮುಂದೆ ನಾನು ಬಾಯಿ ಬಿಡಬಲ್ಲೆ.
ಆ ಕಲ್ಲು ಇರಲಿ ಬಿಡಿ,
ಅದಿಲ್ಲದಿದ್ದರೆ ಚೆಕ್ಕಿಗೆ ಸಹಿ ಬೀಳಲ್ಲ.

ಬರೆದೆ: ಉದಾರ ಕೊಡುಗೆ. ಆರು ರೂಪಾಯಿ.

ಶಾಲೆಯ ಬೋರ್‌ವೆಲ್ಲಿನ ನೀರು ಹಳದಿಗೆ ತಿರುಗಿ ಆರು ವರ್ಷ.
ಹಿಂದಿನ ರಸ್ತೆಯಲ್ಲಿ ನಟ್ಟು ಬೋಲ್ಟುಗಳಿಗೆ ಹೊಳಪು ಕೊಡುವ ತೊಟ್ಟಿಗಳು.
ಯಾರ ತೊಟ್ಟಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.
ಏಳನೇ ಅನುಸೂಚಿಯಲ್ಲಿ ಕುಡಿಯುವ ನೀರಿಗೆ ಜಾಗವಿದೆ;
ಹಳದಿ ಯಾಕೆ ಎಂಬುದಕ್ಕಿಲ್ಲ.
ಅದು ಬೇರೆ ಕಾಯಿದೆ, ಬೇರೆ ಕಚೇರಿ,
ಬೇರೆ ಬಸ್ಸು.

ಮೂವತ್ತೊಂದಕ್ಕೆ ಉದ್ಘಾಟನೆ. ರಿಬ್ಬನ್ನು, ಮೈಕು, ಫೋಟೋದವನು.
ಹೆಡ್‌ಮಿಸ್ ಗಿರಿಜಾಂಬ ವೇದಿಕೆಯ ಮೇಲೆ ಮೂರು ಸಲ ಕೈಮುಗಿದು
ಕೆಳಗಿಳಿದು ನನ್ನ ಕಿವಿಯಲ್ಲಿ ಕೇಳಿದರು:
ಮುಂದಿನ ವರ್ಷ ಫಿಲ್ಟರು ಬದಲಾಯಿಸೋರು ಯಾರಮ್ಮಾ?
ನನ್ನ ನಾಲ್ಕು ಪುಟಗಳಲ್ಲಿ ಅದಿರಲಿಲ್ಲ.

ಪರದೆ ಸರಿಯಿತು. ಐದನೇ ಕ್ಲಾಸಿನ ರುಕಿಯಾ
ಬೆರಳಿಟ್ಟು ಓದಿದಳು, ಜೋರಾಗಿ:
ಉ. ದ. ರಿ. ಕೊಡುಗೆ.

ನೋಡಿದೆ. ಹೌದು.
ಐದು ದಿನದ ಅವಸರದಲ್ಲಿ ಶ್ರೀರಾಂಪುರದ ಶೇಷಾಚಾರಿ,
ವರ್ಷವಿಡೀ ಅಂಗಡಿ ಬೋರ್ಡು ಬರೆಯುವ ಕೈ,
ದಾ ದೀರ್ಘ ಬಿಟ್ಟು ರಕ್ಕೆ ಗುಡಿಸು ಕೊಟ್ಟು
ಚಿನ್ನದ ಬಣ್ಣ ತುಂಬಿದ್ದಾನೆ.

ಉದರಿ ಅಂದ್ರೆ ಸಾಲ ಅಲ್ವಾ ಮಿಸ್?
ನಮ್ ಬೀದಿ ಅಂಗಡೀಲಿ ಬರ್ದಿದೆ,
ಇಂದು ನಗದು ನಾಳೆ ಉದರಿ.
ಯಾರು ಯಾರಿಗೆ ಬಾಕಿ ಇಲ್ಲಿ?

ವರದರಾಜನ್ ಕ್ಯಾಮೆರಾ ಕಡೆ ನೋಡುತ್ತಿದ್ದರು.
ಅವರಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು.
ನನ್ನ ಒಪ್ಪಂದದ ಆರನೇ ಕಲಮಿನಲ್ಲಿದೆ:
ದೋಷ ಕಂಡುಬಂದಲ್ಲಿ ಕೂಡಲೇ ತಿಳಿಸತಕ್ಕದ್ದು.

ನಲ್ಲಿ ತಿರುಗಿಸಿದೆ.
ನೀರು ಬಂತು, ತಣ್ಣಗೆ, ಬಣ್ಣವಿಲ್ಲದೆ.
ಎರಡು ಲೋಟ ಕುಡಿದೆ.

ರಾತ್ರಿ ಬಿಲ್ಲು ಬರೆಯುವಾಗ
ಮೂರು ರೂಪಾಯಿ ಕಳೆದು ಕಳಿಸಿದೆ.