ಹಿಮದ ಸದ್ದು

ಡುಲೂತಿನಲ್ಲಿ, ಕ್ರಿಸ್‌ಮಸ್ಸಿಗೆ ಮೂರು ದಿನ ಮುಂಚೆ
ಹಿಲ್ಮಾ ಹೊಸ ಡಿಸ್ಕಿನ ಅಂಚು ಹಿಡಿದು
ಉಸಿರೂದಿ ಒರೆಸಿದಳು.

ಫ್ರೇಮು ಫ್ರೇಮೂ ತೊಳೆದಿದ್ದಾರಂತೆ. ನಿಜವೇ:
ನಾಯಕನ ಕಾಲರಿಗೆ ಮೆತ್ತಿದ ಮುಖದ ಬಣ್ಣ,
ಮೂರನೇ ಸಾಲಿನ ಹುಡುಗಿಯ ಕಾಲುಚೀಲದಲ್ಲಿ ಹೊಲಿಗೆ,
ಬೀಳುವ ಹಿಮವೋ, ಅಯ್ಯೋ, ಸೋಪಿನ ಚೂರು!
ಒಂದು, ಹಾಡುವವಳ ರೆಪ್ಪೆಯ ಮೇಲೆ
ಕರಗದೇ ಕೂತಿದೆ.

ಹಳೆಯ ಟೇಪಿನಲ್ಲಿ ಕೆಂಪು ಗೌನು
ತನ್ನ ಗೆರೆ ದಾಟಿ ಗೋಡೆಗೂ ಹರಿಯುತ್ತಿತ್ತು;
ಹಾಡಿನ ಹಿಂದೆ ಸದಾ ಒಂದು ಸುಯ್ಯೆನ್ನುವ ಸದ್ದು.
ಅದು ಹಿಮ ಬೀಳುವ ಸದ್ದೆಂದೇ
ನಂಬಿದ್ದರು ಅವಳೂ ಎಯ್ನಾರನೂ,
ಅವನಿದ್ದ ಮೂವತ್ತು ಚಳಿಗಾಲ.

ಈಗ ಐದು ದಿಕ್ಕಿನಿಂದ ಪಿಟೀಲು. ನಡುವೆ
ಬಾವಿಯಷ್ಟು ನಿಶ್ಶಬ್ದ.

ಎದ್ದು, ಕಿಟಕಿಯನ್ನು
ಬೆರಳಷ್ಟು ತೆರೆದಳು.
ಸುಯ್ಯೆಂದಿತು ಸರೋವರದ ಗಾಳಿ.
ಶಾಲು ಹೊದ್ದು
ಮತ್ತೆ ಮೊದಲಿಂದ ಹಾಕಿದಳು.