ಏಳನೇ ಪ್ರಶ್ನೆ

ಇಂಗ್ಲಿಷಿನಲ್ಲಿ ಸಲೀಸಾಗಿತ್ತು ಏಳನೇ ಪ್ರಶ್ನೆ.
ಕನ್ನಡಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು:
ನೀವು ಎಷ್ಟು ಗುಂಪುಗಳಿಗೆ ಸೇರಿದವರು?
ಮನಾಮಾದ ಆಫೀಸಿನಲ್ಲಿ ಡಾಕ್ಟರ್ ಹೆಸ್ಸಾ
ಅರ್ಥವಾಗದಿದ್ದರೂ ಸರಿ ಅಂದರು.

ಸಲ್ಮಾಬಾದಿನ ಕ್ಯಾಂಪು. ಶುಕ್ರವಾರ. ಹದಿನಾಲ್ಕನೇ ರೂಮು.
ನಾಲ್ಕು ಮಂಚಗಳ ಮೇಲೆ ನಾಲ್ಕು ಮಂಚ.
ಆಳಂದದ ಶಿವಶರಣಪ್ಪ ತೋಳು ಚಾಚಿದ,
ಪಟ್ಟಿ ಬಿಗಿದು ಗಾಳಿ ಒತ್ತಿದೆ.
ನೂರ ಮೂವತ್ತೆರಡು, ಎಂಬತ್ತಾರು.
ಬಿಸಿಲಲ್ಲಿ ಅಟ್ಟಣಿಗೆ ಕಟ್ಟುವ, ಐವತ್ತರ ಹತ್ತಿರದವನಿಗೆ
ಪರವಾಗಿಲ್ಲ.
ಏಳನೆಯದು ಕೇಳಿದೆ. ಬಾಗಿಲ ಕಡೆ ನೋಡಿದ.
"ಇಲ್ರೀ ಮೇಡಂ, ನಾ ಯಾ ಗುಂಪಿನ್ಯಾಗೂ ಇಲ್ಲ.
ಹ್ವಾದ ವರ್ಷ ಗುಂಪು ಕಟ್ಟಿದೋರಿಗಿ ವಿಮಾನ ಹತ್ತಿಸ್ಯಾರ."
ಮೇಲಿನ ಮಂಚದಿಂದ ಕಾಲು ಇಳಿಬಿಟ್ಟಿದ್ದ
ಹಸನಬ್ಬನೂ ಸೊನ್ನೆ ಅಂದ.
ದಿಲ್ ಬಹಾದೂರನಿಗೆ ಹಿಂದಿಯಲ್ಲಿ ಕೇಳಿದೆ,
ಬೆರಳು ದುಂಡಗೆ ಮಾಡಿ ತೋರಿಸಿದ.
ಎಂಟು ಜನ, ಎಂಟು ಸೊನ್ನೆ.

ವಾಪಸು ಬಸ್ಸಿನಲ್ಲಿ ಪದ ಹುಡುಕಿದೆ.
ಸಂಘ: ಅದಕ್ಕೊಂದು ರಸೀದಿ ಪುಸ್ತಕ ಬೇಕು.
ಬಳಗ: ಮದುವೆ ಕಾಗದದಲ್ಲಷ್ಟೇ ಉಸಿರಾಡುವ ಮಾತು.
ಕೂಟ ಅಂದರೆ ಐದು ದಿನಾರಿನ ಟಿಕೆಟ್ಟು,
ಮೇಲೆ ಇಸ್ತ್ರಿ ಮಾಡಿದ ಅಂಗಿ.
ಮುಂದಿನ ಶುಕ್ರವಾರ ಹಾಳೆ ಮಡಚಿಟ್ಟು ಕೇಳಿದೆ,
ನಿಮಗೆ ಜ್ವರ ಬಂದರೆ ಗಂಜಿ ಯಾರು ಕಾಯಿಸುತ್ತಾರೆ?

ಆಗ ನೋಡಬೇಕಿತ್ತು.
ಗಂಜಿಯೆಂದರೆ ಹಸನಬ್ಬ, ಜೊತೆಗೆ ಒಣ ಸಿಗಡಿಯ ಚಟ್ನಿ.
ಅವನ ಮಗಳ ನಿಕಾಹಕ್ಕೆ
ಚೀಟಿಯ ಸರದಿ ಬಿಟ್ಟುಕೊಟ್ಟದ್ದು ತಿಪ್ಪೇಸ್ವಾಮಿ.
ತಿಪ್ಪೇಸ್ವಾಮಿಗೆ ಓದು ಬಾರದು,
ಹೆಂಡತಿಯ ಮೆಸೇಜು ಓದಿ ಹೇಳುವವನು ಲಾದ್ರು,
ಓದುವಾಗ ಒಂದೆರಡು ಸಾಲು ನುಂಗಿಕೊಳ್ಳುವವನೂ ಅವನೇ.
ಕನ್ನಡದ ಗಾಳಿಯೂ ಸೋಕದ ದಿಲ್ ಬಹಾದೂರ
ರಾತ್ರಿ ಒಂಬತ್ತಕ್ಕೆ ಸರಿಯಾಗಿ "ಗುಳಿಗಿ! ಗುಳಿಗಿ!" ಅಂತ
ಶಿವಶರಣಪ್ಪನ ಕಿವಿಯಲ್ಲಿ ಕೂಗುತ್ತಾನೆ.
ಇದನ್ನೆಲ್ಲ ಯಾವ ಖಾನೆಗೆ ತುಂಬಲಿ?
ಅಂಕಿ ಬೇಕು ಅಂದರು ಹೆಸ್ಸಾ.
ಒಂದು ಅಂತ ಬರೆದೆ, ಎಂಟು ಸಲ.

ಚಳಿಗಾಲಕ್ಕೆ ಎರಡನೇ ಸುತ್ತು.
ಅಷ್ಟರಲ್ಲಿ ಗುತ್ತಿಗೆ ಮುಗಿದು ಎಂಟನ್ನೂ
ಸಿತ್ರಾ, ಹಿದ್, ಅಸ್ಕರ್ ಅಂತ ಹಂಚಿಬಿಟ್ಟಿದ್ದರು.
ಅಸ್ಕರಿನಲ್ಲಿ ಶಿವಶರಣಪ್ಪನ ರೂಮಿಗೆ ಆರೇ ಮಂಚ,
ಕಿಟಕಿ ಇದೆ, ಫ್ರಿಜ್ಜಿದೆ.
ನೂರ ಅರವತ್ತೆಂಟು, ನೂರ ಎರಡು.
ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದೆ. ಅಷ್ಟೇ.
ಕ್ಲಿನಿಕ್ಕಿನವರು ಉಪ್ಪು ಕಡಿಮೆ ಮಾಡು ಅಂದರಂತೆ.
"ಮಾಡೀನ್ರೀ. ಒಬ್ಬಂವಗ ಅಡಗಿ,
ಉಪ್ಪು ಹಾಕೂದೇ ನೆನಪಿರಂಗಿಲ್ಲ."
ಗುಳಿಗೆ?
ಪೊಟ್ಟಣ ತೋರಿಸಿದ. ಹದಿನೇಳು ಹಾಗೇ ಉಳಿದಿದ್ದವು.

ನಮ್ಮ ವರದಿಯಲ್ಲಿ ಅವನೊಂದು ಚುಕ್ಕೆ,
ಗೆರೆಯ ಮೇಲೇ ಕೂತಿದೆ.
ಅಂದುಕೊಂಡ ಹಾಗೆಯೇ ಬಂದಿದೆ ಅಂದರು ಹೆಸ್ಸಾ.
ನನಗೂ ಒಂದು ಕ್ಷಣ ಖುಷಿಯಾಯಿತು,
ಆಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡೆ.

ಮಿಸ್ಡ್ ಕಾಲು ಶುರು ಮಾಡಿದ್ದು ಹಸನಬ್ಬ.
ರಾತ್ರಿ ಒಂಬತ್ತಕ್ಕೆ ಎರಡು ರಿಂಗು:
ಉಂಡಾಯಿತು, ಗುಳಿಗೆಯವರ ಗುಳಿಗೆಯೂ ಆಯಿತು.
ಸಿತ್ರಾದಿಂದ ಹಿದ್‌ಗೆ, ಹಿದ್‌ನಿಂದ ಅಸ್ಕರಿಗೆ,
ಕಾಸು ಬಿಚ್ಚದೆ, ಒಬ್ಬರಿಂದ ಒಬ್ಬರಿಗೆ.
ದಿಲ್ ಬಹಾದೂರ ಊರಿಗೆ ಹೋದ,
ಆ ಕೊಂಡಿಯ ಜಾಗಕ್ಕೆ
ಕೇಳದೆಯೇ ನನ್ನ ನಂಬರು ಹಾಕಿಕೊಂಡರು.
ಅಳೆಯುವವರು ಹೀಗೆ ಒಳಗೆ ಸೇರಬಾರದು, ನಿಯಮವಿದೆ.
ಹೆಸ್ಸಾಗೆ ಇನ್ನೂ ಹೇಳಿಲ್ಲ.

ಮೊನ್ನೆ ಕೋಷ್ಟಕ ತಿದ್ದುತ್ತ ಒಂಬತ್ತೂವರೆ ದಾಟಿತು.
ಫೋನು ಎರಡಕ್ಕೆ ನಿಲ್ಲಲಿಲ್ಲ.
ಮೂರು, ನಾಲ್ಕು, ಐದು. ಎತ್ತಿದೆ.
ಹಿಂದೆ ಯಾವುದೋ ಕಂಪ್ರೆಸರಿನ ಸದ್ದು, ಮುಂದೆ ಹಸನಬ್ಬ:
"ಎಂತ ಮೇಡಂ, ನೀವು ನಿಂತ್ರೆ
ಅಸ್ಕರಿನವ ಗುಳಿಗೆ ಹಿಡ್ಕೊಂಡು ಕೂತಿರ್ತಾನೆ.
ಊಟ ಆಯ್ತಾ?"

ಅನ್ನ ಇನ್ನೂ ಕುಕ್ಕರಿನಲ್ಲೇ ಇತ್ತು.
ಆದರೂ ಶಿವಶರಣಪ್ಪನಿಗೆ ಎರಡು ರಿಂಗು ಕೊಟ್ಟೆ.
ಇಷ್ಟು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ಅಂಕಿ.
ಆಮೇಲೆ ತಟ್ಟೆ ಹಾಕಿಕೊಂಡು ಕೂತೆ,
ಅದು ಸರಿಯಾಗಲಿ ಅಂತ.